ನಂಜನಗೂಡಿನಿಂದ ತಿರುವೈಯಾರಿಗೆ

ನಂಜನಗೂಡಿನ ಸ್ನಾನಘಟ್ಟದಲ್ಲಿ ನಿಂತು ಕಪಿಲೆಗೆ ಕೈಮುಗಿಯುವವರು, ಆ ನೀರು ಮುಂದೆ ಎಲ್ಲಿಗೆ ಹೋಗುವುದೆಂಬುದನ್ನು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಅದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿಕೊಂಡು, ಶಿವನಸಮುದ್ರದಲ್ಲಿ ಧುಮುಕಿ, ಮೆಟ್ಟೂರಿನ ಕಟ್ಟೆಯಲ್ಲಿ ತಂಗಿ, ಶ್ರೀರಂಗವನ್ನು ಬಳಸಿ, ಚೋಳದೇಶದ ಗದ್ದೆಗಳನ್ನು ಹೊಕ್ಕು, ತಿರುವೈಯಾರೆಂಬ ಊರಿನ ಮೆಟ್ಟಿಲುಗಳನ್ನು ತೊಳೆಯುತ್ತದೆ. ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ಕೂಡ ತಮ್ಮ ಬಾಳಿನಲ್ಲಿ ಹೀಗೆಯೇ ಸಾಗಿ, ಅದೇ ತಿರುವೈಯಾರಿನಲ್ಲಿ ನೆಲೆನಿಂತರು. ಅವರೇ ಬೆಂಗಳೂರು ನಾಗರತ್ನಮ್ಮನವರು. ಹೋದ ಕಾರ್ತಿಕಮಾಸದಲ್ಲಿ ನಾವು ಅವರ ಜಾಡನ್ನು ಹಿಡಿದು ಮಾಡಿದ ಪ್ರಯಾಣದ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಈ ಪ್ರಯಾಣಕ್ಕೆ ಕಾರಣಳಾದವಳು ನಮ್ಮ ಮೊಮ್ಮಗಳು. ಹದಿನಾಲ್ಕು ವರ್ಷದ ಈ ಹುಡುಗಿ ಸಂಗೀತವನ್ನು ಅಭ್ಯಾಸಮಾಡುತ್ತಿದ್ದಾಳೆ. ಒಂದು ಸಂಜೆ ಎಂ. ಎಸ್. ಸುಬ್ಬುಲಕ್ಷ್ಮಿಯವರ ಹಾಡನ್ನು ಕೇಳಿ ಮುಗಿಸಿ, “ತಾತ, ಇವರಿಗಿಂತ ಮುಂಚೆ ಯಾವ ಹೆಂಗಸರು ಹಾಡುತ್ತಿದ್ದರು?” ಎಂದು ಕೇಳಿದಳು. ನಾವು ಗಂಟಲನ್ನು ಸರಿಪಡಿಸಿಕೊಂಡು ಉತ್ತರಕ್ಕೆ ಸಿದ್ಧರಾದೆವು. ಆದರೆ ನಮ್ಮ ನಾಲಗೆಗೆ ಬಂದ ಹೆಸರುಗಳೆಲ್ಲವೂ ಗಂಡಸರವೇ. ಹತ್ತಿರದಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದ ನಮ್ಮ ಅಕ್ಕ, ತಲೆಯನ್ನು ಎತ್ತದೆಯೇ, “ನಾಗರತ್ನಮ್ಮ ಇದ್ದರು. ನಮ್ಮ ನಂಜನಗೂಡಿನವರೇ,” ಎಂದರು. ಎಪ್ಪತ್ತೆಂಟು ವರ್ಷದ ಅಕ್ಕನ ಬಾಯಿಂದ ಸಂಗೀತದ ಮಾತು ಬಂದುದನ್ನು ನಾವು ಕೇಳಿ ಎಷ್ಟೋ ಕಾಲವಾಗಿತ್ತು. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ನಾಗರತ್ನಮ್ಮನವರು ಹುಟ್ಟಿದುದು ೧೮೭೮ನೆಯ ಇಸವಿ ನವೆಂಬರ್ ೩ರಂದು, ದೇವದಾಸಿ ಕುಲದಲ್ಲಿ. ತಾಯಿಯ ಹೆಸರು ಪುಟ್ಟಲಕ್ಷ್ಮಮ್ಮ. ತಂದೆಯ ಆಸರೆ ಎಳವೆಯಲ್ಲಿಯೇ ತಪ್ಪಿತು. ತಾಯಿ ಮಗಳನ್ನು ಕರೆದುಕೊಂಡು ಮೈಸೂರನ್ನು ಸೇರಿ, ಗಿರಿಭಟ್ಟರ ತಿಮ್ಮಯ್ಯನವರೆಂಬ ವಿದ್ವಾಂಸರಲ್ಲಿ ಸಂಸ್ಕೃತಪಾಠಕ್ಕೆ ಬಿಟ್ಟರು. ಮುಂದೆ ಬೆಂಗಳೂರಿನಲ್ಲಿ ಪಿಟೀಲಿನ ವಿದ್ವಾಂಸ ಮುನಿಸ್ವಾಮಪ್ಪನವರಲ್ಲಿ ಸಂಗೀತಶಿಕ್ಷಣವಾಯಿತು. ಈ ಗುರುಗಳು ತ್ಯಾಗರಾಜಸ್ವಾಮಿಗಳ ಶಿಷ್ಯಪರಂಪರೆಗೆ ಸೇರಿದವರು. ಆದಕಾರಣ ಆ ಮಹಾನುಭಾವರ ಕೃತಿಗಳೇ ಬಾಲೆಗೆ ಮೊದಲ ಪಾಠಗಳಾದುವು. ಎಳೆಯ ವಯಸ್ಸಿನಲ್ಲಿಯೇ ಮೈಸೂರಿನ ಅರಮನೆಯಲ್ಲಿ ಹಾಡಿ ಮನ್ನಣೆಯನ್ನು ಪಡೆದ ಈಕೆ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮದರಾಸಿಗೆ ಹೋಗಿ ನೆಲಸಿ, ಹೆಸರನ್ನೂ ಹಣವನ್ನೂ ಸಂಪಾದಿಸಿದರು. ಕನ್ನಡ, ತೆಲುಗು, ತಮಿಳು, ಸಂಸ್ಕೃತ ಈ ನಾಲ್ಕು ಭಾಷೆಗಳನ್ನೂ ಬಲ್ಲವರಾಗಿದ್ದರು.

ಇಷ್ಟನ್ನು ತಿಳಿದುಕೊಂಡ ಮೇಲೆ ಹುಡುಗಿಗೆ ಆ ಊರನ್ನು ನೋಡಲೇಬೇಕೆಂಬ ಹಟ ಹುಟ್ಟಿತು. ನಾವು, ನಮ್ಮ ಮನೆಯವರು, ಅಕ್ಕ, ಮೊಮ್ಮಗಳು, ಹೀಗೆ ನಾಲ್ವರು ಹೊರಟೆವು. ಮೈಸೂರಿನಲ್ಲಿ ಸಂಜೆ ರೈಲನ್ನು ಹತ್ತಿದರೆ, ಬೆಂಗಳೂರು, ಸೇಲಂ, ಈರೋಡು, ತಿರುಚಿನಾಪಳ್ಳಿಗಳನ್ನು ರಾತ್ರಿಯಲ್ಲಿ ದಾಟಿ, ಬೆಳಗಾಗುವ ಹೊತ್ತಿಗೆ ತಂಜಾವೂರಿನಲ್ಲಿ ಇಳಿಯಬಹುದು. ಅಕ್ಕನು ರಾತ್ರಿಯೆಲ್ಲ ನಿದ್ರೆಮಾಡದೆ ಕಿಟಕಿಯ ಬಳಿ ಕುಳಿತಿದ್ದರು.

ತಂಜಾವೂರಿಗೆ ಹೋದವರು ಬೃಹದೀಶ್ವರನ ವಿಮಾನವನ್ನು ಕಂಡು ಬೆರಗಾಗುವುದು ವಾಡಿಕೆ, ನಾವೂ ಬೆರಗಾದೆವು. ಆದರೆ ನಮ್ಮ ಕಾರ್ಯಕ್ಕೆ ಹೆಚ್ಚು ಸಂಬಂಧಪಟ್ಟುದು ಅರಮನೆ. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿ ಆಳುತ್ತಿದ್ದ ಮರಾಠ ಅರಸು ಪ್ರತಾಪಸಿಂಹನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ಇದ್ದಳು. ಆಕೆ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರಕಾವ್ಯವನ್ನು ಬರೆದಳು. ಕಾಲಕ್ರಮದಲ್ಲಿ ಅದು ಮುದ್ರಣವನ್ನು ಕಂಡಾಗ, ಪೀಠಿಕೆಯನ್ನೂ ಕೆಲವು ಪದ್ಯಗಳನ್ನೂ ಕೈಬಿಟ್ಟು ಅಚ್ಚುಹಾಕಿದ್ದರು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ಹುಡುಕಿಸಿ, ಒಪ್ಪವಾಗಿ ಪರಿಷ್ಕರಿಸಿ, ೧೯೧೦ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿಶಾಸ್ತ್ರುಲು ಅವರ ಮುದ್ರಣಾಲಯದಿಂದ ಪೂರ್ಣವಾಗಿ ಪ್ರಕಟಿಸಿದರು. ಹೆಂಗಸೊಬ್ಬಳು ಇಂತಹುದನ್ನು ಬರೆಯಬಹುದೇ ಎಂಬ ಆಕ್ಷೇಪಣೆ ಎದ್ದಾಗ, ಲಜ್ಜೆಯೆಂಬುದು ಹೆಂಗಸರಿಗೆ ಮಾತ್ರ ವಿಧಿಸಿದ ಧರ್ಮವೇ ಎಂಬ ಅರ್ಥದಲ್ಲಿ ಈಕೆ ಮರುಪ್ರಶ್ನೆ ಹಾಕಿದರು. ಸರಕಾರವು ೧೯೧೧ರಲ್ಲಿ ಪುಸ್ತಕವನ್ನು ನಿಷೇಧಿಸಿತು. ಆ ನಿಷೇಧವು ತೆರವಾಗುವುದಕ್ಕೆ ೧೯೪೭ರವರೆಗೆ ಕಾಯಬೇಕಾಯಿತು.

ತನಗಿಂತ ಒಂದೂವರೆ ಶತಮಾನ ಹಿಂದೆ ಇದ್ದ ಒಬ್ಬ ಹೆಂಗಸಿನ ಹೆಸರು ಅಳಿಯದಿರಲೆಂದು ಇಷ್ಟು ಪಾಡುಪಟ್ಟವರು, ತಮ್ಮ ಹೆಸರಿಗಾಗಿ ಏನನ್ನು ಮಾಡಿಕೊಂಡರು? ಅದನ್ನು ತಿಳಿಯಬೇಕಾದರೆ ತಿರುವೈಯಾರಿಗೆ ಹೋಗಬೇಕು.

ತಂಜಾವೂರಿನಿಂದ ಉತ್ತರಕ್ಕೆ ಸುಮಾರು ೧೩ ಕಿಲೋಮೀಟರಿನ ದಾರಿ. ಇಷ್ಟು ಅಲ್ಪದೂರದಲ್ಲಿ ಐದು ಸೇತುವೆಗಳನ್ನು ದಾಟಬೇಕು: ವಡವಾರು, ವೆಣ್ಣಾರು, ವೆಟ್ಟಾರು, ಕುಡಮುರುಟ್ಟಿ, ಕೊನೆಗೆ ಕಾವೇರಿ. ಐದು ಹೊಳೆಗಳ ಊರಾದುದರಿಂದಲೇ ತಮಿಳಿನಲ್ಲಿ ತಿರುವೈಯಾರು, ಸಂಸ್ಕೃತದಲ್ಲಿ ಪಂಚನದಕ್ಷೇತ್ರ ಎಂಬ ಹೆಸರುಗಳು ಬಂದಿವೆ. ಇಕ್ಕೆಲಗಳಲ್ಲಿಯೂ ಬತ್ತದ ಗದ್ದೆಗಳು, ಬಾಳೆಯ ತೋಟಗಳು, ತೆಂಗಿನ ಸಾಲುಗಳು. ಪ್ರತಿಯೊಂದು ಸೇತುವೆ ಬಂದಾಗಲೂ ಹುಡುಗಿಯು, “ಇದು ನಮ್ಮ ನೀರೇ?” ಎಂದು ಕೇಳುತ್ತಿದ್ದಳು, ಅಕ್ಕನು ಪ್ರತಿಸಲವೂ, “ಅಹುದು, ನಮ್ಮದೇ,” ಎನ್ನುತ್ತಿದ್ದರು.

ಊರು ಚಿಕ್ಕದು. ನಡುವೆ ಪಂಚನದೀಶ್ವರನ ದೊಡ್ಡ ದೇವಾಲಯ. ತಿರುಮಂಜನ ಬೀದಿಯಲ್ಲಿ ತ್ಯಾಗರಾಜರು ವಾಸಮಾಡಿದ ಸ್ಥಳ. ಕಾವೇರಿಯ ದಡದಲ್ಲಿ ಅವರ ಸಮಾಧಿ. ಪುಷ್ಯ ಬಹುಳ ಪಂಚಮಿಯ ಆರಾಧನೆಯಲ್ಲಿ ಸಹಸ್ರಾರು ಜನ ಕಿಕ್ಕಿರಿಯುವ ಈ ಆವರಣವು, ನಾವು ಹೋದ ದಿವಸ ಬರಿದಾಗಿತ್ತು. ಒಬ್ಬ ಹೆಂಗಸು ಅಂಗಳವನ್ನು ಗುಡಿಸುತ್ತಿದ್ದಳು. ಹೊಳೆಯ ಮೇಲಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು.

ತ್ಯಾಗರಾಜರು ೧೮೪೭ನೆಯ ಇಸವಿ ಜನವರಿ ೬ರಂದು ದೇಹವನ್ನು ಬಿಟ್ಟರು. ಅಂತ್ಯದಲ್ಲಿ ಸಂನ್ಯಾಸವನ್ನು ಸ್ವೀಕರಿಸಿದ್ದುದರಿಂದ ಅವರನ್ನು ನದಿಯ ದಡದಲ್ಲಿ ಸಮಾಧಿಮಾಡಿ, ಒಂದು ಸಣ್ಣ ಬೃಂದಾವನವನ್ನು ಕಟ್ಟಿದರು. ವರ್ಷಗಳು ಕಳೆದಂತೆ ಅದು ಗಿಡಗಂಟಿಗಳಲ್ಲಿ ಮುಚ್ಚಿಹೋಯಿತು. ೧೯೦೩ರಲ್ಲಿ ಶಿಷ್ಯವರ್ಗದವರು ಅದನ್ನು ಗುರುತಿಸಿ ದುರಸ್ತಿ ಮಾಡಿಸಿದರು. ಕೆಲಕಾಲದ ಮೇಲೆ ವಾರ್ಷಿಕ ಆರಾಧನೆಯೂ ಮೊದಲಾಯಿತು. ಆದರೆ ನಡಸುವವರಲ್ಲಿ ಎರಡು ಪಕ್ಷಗಳಾಗಿ, ಉತ್ಸವವು ನಡೆಯುತ್ತಿದ್ದರೂ ಸಮಾಧಿಯು ಪುನಃ ಹಾಳುಬಿದ್ದಿತು. ಈ ದುಃಸ್ಥಿತಿಯ ಸುದ್ದಿಯು ಗುರು ಮುನಿಸ್ವಾಮಪ್ಪನವರ ಕಾಗದದ ಮೂಲಕ ನಾಗರತ್ನಮ್ಮನವರಿಗೆ ತಲಪಿತು. ಅಲ್ಲಿಂದ ಮುಂದೆ ಅವರು ಹಿಂದಿರುಗಿ ನೋಡಲಿಲ್ಲ. ಆ ನೆಲವನ್ನು ಪಡೆದು, ೧೯೨೧ನೆಯ ಇಸವಿ ಅಕ್ಟೋಬರ್ ೨೭ರಂದು ಗುಡಿಗೆ ಅಸ್ತಿಭಾರ ಹಾಕಿಸಿದರು. ೧೯೨೫ನೆಯ ಇಸವಿ ಜನವರಿ ೭ರಂದು ಕುಂಭಾಭಿಷೇಕವು ನೆರವೇರಿತು. ಅದಕ್ಕೆ ಬೇಕಾದ ದ್ರವ್ಯವು ಅವರ ಹಾಡಿನ ಸಂಪಾದನೆಯಿಂದಲೂ ಒಡವೆಗಳಿಂದಲೂ ಬಂದುದು. ಕಾಲಾನಂತರ ಮದರಾಸಿನ ಮನೆಯನ್ನೂ ತೊರೆದು ಈ ಊರಿಗೇ ಬಂದು ನೆಲಸಿದರು.

ಇಲ್ಲಿ ವಾಚಕರು ಸ್ವಲ್ಪ ನಿಂತು ಆಲೋಚಿಸಬೇಕು. ಗುಡಿಯನ್ನು ಕಟ್ಟಿಸಿದವರು ಒಬ್ಬ ಗಾಯಕಿ. ಆದರೆ ಆ ಗುಡಿಯ ಮುಂದೆ ನಡೆಯುತ್ತಿದ್ದ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಕಟ್ಟಿಸಿದ ಕೈಗೆ ತಾಳಹಾಕುವ ಹಕ್ಕಿಲ್ಲ! ನಾಗರತ್ನಮ್ಮನವರು ಕೋರಿದರು, ನಡಸುವವರು ಒಪ್ಪಲಿಲ್ಲ. ಗುಡಿಯ ಬಾಗಿಲನ್ನು ಮುಚ್ಚಿಸುವುದು ಅವರ ಸ್ವಭಾವವಲ್ಲ. ಅವರು ೧೯೨೭ರಲ್ಲಿ ಹೆಂಗಸರದೇ ಒಂದು ಆರಾಧನೆಯನ್ನು ಗುಡಿಯ ಹಿಂಭಾಗದಲ್ಲಿ ಏರ್ಪಡಿಸಿದರು. ಮುಂದುಗಡೆ ಗಂಡಸರು, ಹಿಂದುಗಡೆ ಹೆಂಗಸರು. ಹೀಗೆ ಹತ್ತುವರ್ಷಕ್ಕೂ ಮೀರಿ ನಡೆಯಿತು. ೧೯೪೦ರ ಸುಮಾರಿಗೆ ಪಕ್ಷಗಳೆಲ್ಲವೂ ಒಂದಾಗಿ, ಹೆಂಗಸರಿಗೂ ಸಂತನ ಎದುರಿನಲ್ಲಿಯೇ ಹಾಡುವ ಅವಕಾಶ ದೊರೆಯಿತು. ಇಷ್ಟಕ್ಕೂ ತೃಪ್ತರಾಗದೆ ಅವರು ೧೯೪೯ರಲ್ಲಿ ಮರಣಶಾಸನವನ್ನು ಬರೆಯಿಸಿ, ತಮ್ಮ ಆಸ್ತಿಯನ್ನು ಸಮಾಧಿಗೆ ಒಪ್ಪಿಸುತ್ತ, ದೇವದಾಸಿಯರೂ ಸೇರಿದಂತೆ ಹೆಂಗಸರಿಗೆ ಇಲ್ಲಿ ಸೇವೆಮಾಡುವ ಹಕ್ಕು ತಪ್ಪಬಾರದೆಂದು ನಿಬಂಧನೆ ಹಾಕಿದರು. ಇದನ್ನು ಓದಿದಾಗ ನಮಗೆ ಅವರ ಗಾಯನಕ್ಕಿಂತ ಅವರ ಮುಂದಾಲೋಚನೆಯೇ ದೊಡ್ಡದೆನಿಸಿತು.

ಅವರು ೧೯೫೨ನೆಯ ಇಸವಿ ಮೇ ೧೯ರಂದು ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಸಮೀಪದಲ್ಲಿಯೇ ಅವರ ಸಮಾಧಿ ಇದೆ. ಅದರ ಮೇಲೆ ಸಂತನ ಸನ್ನಿಧಿಗೆ ಅಭಿಮುಖವಾಗಿ ಕುಳಿತಿರುವ ಅವರ ಶಿಲಾಮೂರ್ತಿ ಇದೆ. ತಮಗಾಗಿ ಏನನ್ನು ಮಾಡಿಕೊಂಡರೆಂಬ ಪ್ರಶ್ನೆಗೆ ಇದೇ ಉತ್ತರವೆಂದು ತೋರುತ್ತದೆ: ಕೇಳಿಸಿಕೊಳ್ಳುವುದಕ್ಕೆ ಒಂದು ಸ್ಥಳ.

ಮೊಮ್ಮಗಳು ಆ ಮೂರ್ತಿಯ ಮುಂದೆ ಕುಳಿತು, ತಾನು ಹೊಸದಾಗಿ ಕಲಿತ ಒಂದು ಕೃತಿಯನ್ನು ಮೆಲ್ಲಗೆ ಹಾಡಲು ತೊಡಗಿದಳು. ಪಲ್ಲವಿ ಮುಗಿದು ಅನುಪಲ್ಲವಿಗೆ ಬರುವಾಗ, ಅವಳ ಧ್ವನಿಯ ಕೆಳಗಡೆ ಮತ್ತೊಂದು ಧ್ವನಿಯು ಕೇಳಿಸಿತು. ಮುಪ್ಪಿನಿಂದ ನಡುಗುತ್ತಿದ್ದರೂ ಅದು ಸ್ವರಸ್ಥಾನವನ್ನು ಬಿಟ್ಟು ಕದಲಲಿಲ್ಲ. ಅದು ನಮ್ಮ ಅಕ್ಕನ ಧ್ವನಿ. ಅದನ್ನು ನಾವು ಕೇಳಿ ಅರುವತ್ತು ವರ್ಷಗಳಾಗಿದ್ದುವು.

ಹೇಳುತ್ತೇವೆಂದ ಕಾರಣವನ್ನು ಇಲ್ಲಿ ಹೇಳಿಬಿಡುವುದು ಯೋಗ್ಯ. ಅಕ್ಕನು ಹದಿನೆಂಟನೆಯ ವಯಸ್ಸಿನವರೆಗೆ ಸಂಗೀತವನ್ನು ಕಲಿತಿದ್ದರು. ನಮ್ಮ ಬೀದಿಯ ರಾಮನವಮಿಯ ಚಪ್ಪರದಲ್ಲಿ ಅವರಿಂದ ಹಾಡಿಸಬೇಕೆಂದು ಅವರ ಉಪಾಧ್ಯಾಯಿನಿ ಕೇಳಿದಾಗ, ಸಭೆಯಲ್ಲಿ ಕುಳಿತು ಹಾಡುವುದು ನಮ್ಮ ಮನೆತನದ ಹೆಣ್ಣಿಗೆ ತಕ್ಕುದಲ್ಲವೆಂದು ನಮ್ಮ ತಂದೆಯವರು ನಿರ್ಧರಿಸಿದರು. ಪಾಠವನ್ನೂ ಅಂದಿಗೇ ನಿಲ್ಲಿಸಿದರು. ಆ ತಿಂಗಳಿನ ಸಂಬಳವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, “ನಾಳೆಯಿಂದ ಬರುವುದು ಬೇಡವಂತೆ,” ಎಂದು ಉಪಾಧ್ಯಾಯಿನಿಗೆ ತಿಳಿಸಿದವರು ನಾವು. ಆಗ ನಮಗೆ ಹನ್ನೆರಡು ವರ್ಷ. ಹುಡುಗನಿಗೆ ಏನು ತಿಳಿಯುತ್ತದೆಂದು ಇಷ್ಟುಕಾಲ ನಮ್ಮನ್ನು ನಾವೇ ಸಮಾಧಾನಪಡಿಸಿಕೊಂಡಿದ್ದೆವು. ದೊಡ್ಡವರಾದ ಮೇಲೆ, ತಂದೆಯವರು ತೀರಿಕೊಂಡ ಮೇಲೆ, ಒಂದು ದಿನವಾದರೂ “ಅಕ್ಕ, ಹಾಡು” ಎಂದು ಏಕೆ ಹೇಳಲಿಲ್ಲ? ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ಹಾಡು ಮುಗಿಯಿತು. ಗುಡಿಸುವ ಹೆಂಗಸು ಪೊರಕೆಯನ್ನು ನಿಲ್ಲಿಸಿ ನಿಂತು ಕೇಳಿ, ಪುನಃ ಕೆಲಸಕ್ಕೆ ಹೋದಳು. ಅಕ್ಕನು ನಮ್ಮ ಕಡೆಗೆ ತಿರುಗಿ, “ರಾಗ ಮರೆತಿಲ್ಲವಪ್ಪ; ಉಸಿರು ಮಾತ್ರ ಸಾಲದು,” ಎಂದರು. ನಾವು ಏನನ್ನೂ ಹೇಳಲಾರದೆ ಹೊಳೆಯ ಕಡೆ ನೋಡಿದೆವು.

ಅಂದು ಸಂಜೆ ತಂಜಾವೂರಿನ ವಸತಿಗೆ ಹಿಂದಿರುಗಿದ ಮೇಲೆ, ಹುಡುಗಿಯು ಒಂದು ಕಾಗದವನ್ನು ಹಿಡಿದು, ಕೇಳತಕ್ಕ ಗಾಯಕಿಯರ ಹೆಸರುಗಳನ್ನು ಬರೆಯುವುದಕ್ಕೆ ಕುಳಿತಳು. ಅಕ್ಕನು ಹೇಳಿದ ಹೆಸರುಗಳೂ, ನಾವು ಅಲ್ಲಿಂದೀಚೆಗೆ ಓದಿ ಸೇರಿಸಿದವುಗಳೂ ಕೂಡಿ ಆದ ಆ ಪಟ್ಟಿಯು, ಇಂದು ನಮ್ಮ ಮನೆಯ ಗೋಡೆಯ ಮೇಲಿದೆ. ಇತರ ಸಂಸಾರಗಳಿಗೂ ಉಪಯೋಗವಾದೀತೆಂದು ಕೆಲವನ್ನು ಇಲ್ಲಿ ತಿಳಿಸುತ್ತೇವೆ. ಸುಬ್ಬುಲಕ್ಷ್ಮಿ, ಡಿ. ಕೆ. ಪಟ್ಟಮ್ಮಾಳ್, ಎಂ. ಎಲ್. ವಸಂತಕುಮಾರಿ ಈ ಮೂವರು ಎಲ್ಲರೂ ಬಲ್ಲವರೇ. ಅವರಿಂದ ಹಿಂದಕ್ಕೆ ಹೋಗತಕ್ಕದ್ದು ನಮ್ಮ ಉದ್ದೇಶ.

ಮೊದಲನೆಯದಾಗಿ ವೀಣೆ ಧನಮ್ಮಾಳ್ (೧೮೬೭–೧೯೩೮). ವೀಣೆಯನ್ನು ನುಡಿಸುತ್ತ ಜೊತೆಗೆ ಹಾಡುತ್ತಿದ್ದರು. ಮದರಾಸಿನ ಅವರ ಮನೆಯಲ್ಲಿ ಶುಕ್ರವಾರದ ಸಂಜೆ ನಡೆಯುತ್ತಿದ್ದ ಗೋಷ್ಠಿಗೆ ದೊಡ್ಡ ದೊಡ್ಡ ವಿದ್ವಾಂಸರು ಬಂದು ಮೌನವಾಗಿ ಕುಳಿತು ಕೇಳುತ್ತಿದ್ದರು. ಅವರ ಮೊಮ್ಮಕ್ಕಳಾದ ಬೃಂದಾ, ಮುಕ್ತಾ ಸೋದರಿಯರನ್ನೂ ಮರೆಯಬಾರದು. ಈ ಮನೆತನದ ಸಂಗೀತಕ್ಕೆ ಅವಸರವಿಲ್ಲ, ಕೇಳುವವರಿಗೂ ಅವಸರವಿರಬಾರದು.

ಎರಡನೆಯವರು ಕೊಯಮತ್ತೂರು ತಾಯಿ (೧೮೭೨–೧೯೧೭). ಗ್ರಾಮಫೋನು ನಮ್ಮ ದೇಶಕ್ಕೆ ಬಂದ ಹೊಸತರಲ್ಲಿಯೇ ಅನೇಕ ತಟ್ಟೆಗಳಿಗೆ ಹಾಡಿದವರು. ಆ ತಟ್ಟೆಗಳಿಗೆ ಮನಸೋತ ಫ್ರಾನ್ಸ್ ದೇಶದ ಸಂಗೀತರಚಕ ಮೋರಿಸ್ ದಲಾಜ್ ಎಂಬವರು ತಮ್ಮ ‘ರಾಗಮಾಲಿಕಾ’ ಎಂಬ ರಚನೆಯನ್ನು ಇವರ ಹಾಡಿನ ಆಧಾರದ ಮೇಲೆ ಮಾಡಿದರು. ಪ್ಯಾರಿಸ್ ನಗರವು ಕಿವಿಗೊಟ್ಟ ಈ ಧ್ವನಿಯನ್ನು ಕೊಯಮತ್ತೂರಿಗೆ ನೆರೆಯವರಾದ ನಾವು ಕೇಳದೆ ಇರುವುದು ತರವಲ್ಲ.

ಮೂರನೆಯವರು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಮೊದಲಿಗರಲ್ಲಿ ಇವರೊಬ್ಬರು. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಸಾರುತ್ತಿದ್ದರು. ಮೈಸೂರಿನವರಿಗೆ ಇವರಲ್ಲಿ ವಿಶೇಷವಾದ ಋಣವಿದೆ: ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇವರನ್ನು ಆಸ್ಥಾನಕ್ಕೆ ಸೇರಿಸಿಕೊಂಡರು, ೧೯೩೦ನೆಯ ಇಸವಿ ಜನವರಿ ೧೭ರಂದು ನಮ್ಮ ಊರಿನಲ್ಲಿಯೇ ಇವರು ಕಣ್ಣುಮುಚ್ಚಿದರು.

ನಾಲ್ಕನೆಯವರು ಧಾರವಾಡದ ಸೀಮೆಯ ಅಂಬಾಬಾಯಿ. ಇವರ ಮಗಳು ಗಂಗೂಬಾಯಿ ಹಾನಗಲ್ (೧೯೧೩–೨೦೦೯) ಅವರನ್ನು ಬಲ್ಲದವರಾರು? ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತ ಕಥೆ ಪ್ರಸಿದ್ಧವೇ ಆಗಿದೆ. ಆದರೆ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತವನ್ನು ಬಲ್ಲವರಾಗಿದ್ದು, ಮಗಳು ಹಿಂದೂಸ್ತಾನಿ ಪದ್ಧತಿಯನ್ನು ಹಿಡಿದಾಗ, ಆ ಕಲಿಕೆಗೆ ಬಾಧಕವಾಗದಿರಲೆಂದು ತಾವು ಹಾಡುವುದನ್ನೇ ಬಿಟ್ಟರು. ಗಂಗೂಬಾಯಿಯವರ ಗಂಭೀರವಾದ ಕಂಠವನ್ನು ಕೇಳುವಾಗ, ಅದರ ಹಿಂದೆ ನಿಂತಿರುವ ತಾಯಿಯ ಮೌನವನ್ನೂ ನೆನೆಯಬೇಕು.

ಐದನೆಯವರು ನಾಗರತ್ನಮ್ಮನವರೇ. ಅವರ ಕಂಠವೂ ಹಳೆಯ ತಟ್ಟೆಗಳಲ್ಲಿ ಉಳಿದಿದೆ.

ಈ ಹಳೆಯ ಧ್ವನಿಮುದ್ರಣಗಳಲ್ಲಿ ಅನೇಕವನ್ನು ಇಂದು ಮನೆಯಲ್ಲಿಯೇ ಕುಳಿತು ಮೊಬೈಲಿನಲ್ಲಿ ಕೇಳಬಹುದು. ಕೇಳುವ ಕ್ರಮವನ್ನು ಕುರಿತು ಒಂದು ಮಾತು. ಆ ಕಾಲದ ತಟ್ಟೆಯ ಒಂದು ಮುಖಕ್ಕೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವನ್ನು ಅವರು ಅಷ್ಟರಲ್ಲಿಯೇ ಅಡಕಮಾಡಬೇಕಾಗಿತ್ತು. ದೊಡ್ಡ ಕೊಳವೆಯೊಳಕ್ಕೆ ಕೂಗಿ ಹಾಡಬೇಕಾಗಿತ್ತು. ಆದಕಾರಣ ಮೊದಲನೆಯ ಸಲ ಕರಕರ ಶಬ್ದವೊಂದೇ ಕೇಳಿಸೀತು. ಎರಡನೆಯ ಸಲ ಧ್ವನಿ ಕೇಳಿಸುತ್ತದೆ. ಮೂರನೆಯ ಸಲ ಹಾಡು ಕೇಳಿಸುತ್ತದೆ. ಮೂರು ಸಲ ಕೇಳುವ ಮುನ್ನ ಯಾರೂ ತೀರ್ಪು ಕೊಡಕೂಡದೆಂಬುದು ನಮ್ಮ ಮನೆಯ ಕಟ್ಟಳೆ.

ಗಾಯಕಿಯರ ಹೆಸರುಗಳು ತಾವಾಗಿ ಮರೆಯಾಗುವುದಿಲ್ಲ. ಯಾರೋ ಒಬ್ಬರು ಪೀಠಿಕೆಯನ್ನು ಕೈಬಿಡುತ್ತಾರೆ. ಮತ್ತೊಬ್ಬರು ಹಿಂಭಾಗಕ್ಕೆ ಕಳುಹುತ್ತಾರೆ. ಇನ್ನೊಬ್ಬರು ಸಂಬಳವನ್ನು ಕೈಯಲ್ಲಿಟ್ಟು, ನಾಳೆಯಿಂದ ಬೇಡವೆನ್ನುತ್ತಾರೆ. ಇವುಗಳಲ್ಲಿ ಯಾವುದೂ ಮಹಾಪಾತಕವೆಂದು ಆ ಹೊತ್ತಿಗೆ ತೋರುವುದಿಲ್ಲ. ಆದರೆ ಒಂದು ಜನ್ಮದ ಹಾಡು ಅಷ್ಟರಿಂದಲೇ ನಿಂತುಹೋಗುತ್ತದೆ. ವಾಚಕರು ತಮ್ಮ ಮನೆಯಲ್ಲಿ ಬತ್ತಿ ಹೊಸೆಯುತ್ತಲೋ, ತರಕಾರಿ ಹೆಚ್ಚುತ್ತಲೋ ಕುಳಿತಿರುವ ಹಿರಿಯ ಹೆಂಗಸರನ್ನು ಒಮ್ಮೆ ಕೇಳಿನೋಡಲಿ. ಪಟ್ಟಿಗೆ ಸೇರತಕ್ಕ ಹೆಸರು ಅಲ್ಲಿಯೇ ಇದ್ದೀತು.

ಪಂಚಮಿಯ ಆರಾಧನೆಯ ದಿವಸ ತಿರುವೈಯಾರಿನಲ್ಲಿ ಪಂಚರತ್ನ ಕೃತಿಗಳನ್ನು ನೂರಾರು ಜನ ಒಟ್ಟಿಗೆ ಕುಳಿತು ಹಾಡುತ್ತಾರೆ. ಹೆಂಗಸರೂ ಅಲ್ಲಿ ಸಾಲುಸಾಲಾಗಿ ಕುಳಿತಿರುತ್ತಾರೆ. ಅಕ್ಕನು ಈಗ ಪ್ರತಿದಿನ ಬೆಳಗ್ಗೆ ಹುಡುಗಿಯೊಡನೆ ಅಭ್ಯಾಸಕ್ಕೆ ಕುಳಿತುಕೊಳ್ಳುತ್ತಿದ್ದಾರೆ. ಉಸಿರು ಸ್ವಲ್ಪ ಸ್ವಲ್ಪವಾಗಿ ನೀಳವಾಗುತ್ತಿದೆ. ಬರುವ ಪುಷ್ಯಮಾಸಕ್ಕೆ ನಾವು ತಂಜಾವೂರಿಗೆ ಮೂರು ಟಿಕೀಟುಗಳನ್ನು ತೆಗೆಸಿದ್ದೇವೆ. ಹಾಡುವವರು ಇಬ್ಬರು, ಸಾಮಾನು ಹೊರುವವರು ನಾವು.